ಒಂದು ಗಂಟೆಗಾಗಿ ಹತ್ತು ವರ್ಷ: ರುಕ್ಮಿಣಿ ಬ್ಯಾನರ್ಜಿ ಮತ್ತು ಓದಲು ಬಾರದ ಐದನೇ ಕ್ಲಾಸು

2005–06ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅವುಗಳಲ್ಲಿ ಕೆಲವು ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮೇಲೆ ಊರಿನ ಹುಡುಗ ಹುಡುಗಿಯರೇ ಸಂಬಳವಿಲ್ಲದೆ ಓದಿನ ಕ್ಯಾಂಪು ನಡೆಸಿದ್ದರು. ಅಲ್ಲಿಗೆ ಬಂದ ಮಕ್ಕಳು ನಿಜವಾಗಿಯೂ ಕಲಿತಿದ್ದರು. ಒಂದಕ್ಷರವೂ ಗೊತ್ತಿಲ್ಲದೆ ಬಂದ ಮಕ್ಕಳಲ್ಲಿ, ಕ್ಯಾಂಪಿನ ಕಾರಣದಿಂದಲೇ, ನೂರಕ್ಕೆ 60ರಷ್ಟು ಹೆಚ್ಚು ಮಕ್ಕಳು ಅಕ್ಷರ ಗುರುತಿಸುವಂತಾದರು. ಅಕ್ಷರ ಬರುತ್ತಿದ್ದ ಮಕ್ಕಳಲ್ಲಿ ಅನೇಕರು ಕಥೆ ಓದಿ ಅರ್ಥ ಮಾಡಿಕೊಳ್ಳುವ ಮಟ್ಟಕ್ಕೆ ಬಂದರು.

ಆದರೆ ಕ್ಯಾಂಪಿಗೆ ಬಂದವರು ನೂರಕ್ಕೆ 8 ಮಕ್ಕಳು ಮಾತ್ರ. ಓದಲು ಬಾರದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ತಗೊಂಡರೂ ನೂರಕ್ಕೆ 13.

ಮದ್ದು ಒಂದು ಕಡೆ, ಕಾಯಿಲೆ ಇನ್ನೊಂದು ಕಡೆ ಇತ್ತು. ಓದು ಬಾರದ ಮಕ್ಕಳು ಹಗಲು ಹೊತ್ತು ಶಾಲೆಯಲ್ಲೇ ಇದ್ದರು. ಕಲಿಸುವ ವಿಧಾನ ಸಂಜೆಯ ಕ್ಯಾಂಪಿನಲ್ಲಿತ್ತು. ಈ ಎರಡನ್ನೂ ಒಂದೇ ಕೋಣೆಗೆ ತರಲು, ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಗೂ, ಅದರ ಈ ಕೆಲಸವನ್ನು ಮುನ್ನಡೆಸಿದ ರುಕ್ಮಿಣಿ ಬ್ಯಾನರ್ಜಿ ಅವರಿಗೂ ಹತ್ತಿರ ಹತ್ತಿರ ಒಂದು ದಶಕ ಹಿಡಿಯಿತು. ಅವರ ವೃತ್ತಿಜೀವನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶಿಕ್ಷಣ ಕ್ಷೇತ್ರದ ದೊಡ್ಡ ಅಂತರರಾಷ್ಟ್ರೀಯ ಗೌರವವಾದ 2021ರ ಯಿದಾನ್ ಪ್ರಶಸ್ತಿಯಿಂದ ಶುರು ಮಾಡುತ್ತಾರೆ. ನನಗೆ ಜೌನ್‌ಪುರವೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಮುಂಬೈಯ ಬಾಲ್ವಾಡಿಗಳಿಂದ

ರುಕ್ಮಿಣಿ ಅರ್ಥಶಾಸ್ತ್ರ ಓದಿದವರು. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜು, ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್, ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್, ಆಮೇಲೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಅಲ್ಲೇ ಸ್ಪೆನ್ಸರ್ ಫೌಂಡೇಶನ್‌ನಲ್ಲಿ ಶಿಕ್ಷಣ ಸಂಶೋಧನೆಗೆ ಹಣ ಕೊಡುವ ಕೆಲಸ. 1996ರಲ್ಲಿ ಅದನ್ನು ಬಿಟ್ಟು ಭಾರತಕ್ಕೆ ಬಂದು ಪ್ರಥಮ್ ಸೇರಿದರು. ಇಂಥ ಬಯೋಡೇಟಾ ಇದ್ದವರು ಸಾಮಾನ್ಯವಾಗಿ ದೆಹಲಿಯ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲಿ ಕೂರುತ್ತಾರೆ. ಇವರು ಬಂದಿದ್ದು ಮುಂಬೈಯ ಕೊಳೆಗೇರಿಗಳಿಗೆ.

ಪ್ರಥಮ್ ಆಗ ಹೊಸ ಸಂಸ್ಥೆ. ಯುನಿಸೆಫ್ ನೆರವಿನಿಂದ 1990ರ ದಶಕದ ಮಧ್ಯದಲ್ಲಿ ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಅದನ್ನು ಶುರು ಮಾಡಿದ್ದರು. ಚವಾಣ್ ಅಮೆರಿಕದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮಾಡಿ ಬಂದು ಮುಂಬೈಯಲ್ಲಿ ಪಾಠ ಹೇಳುತ್ತಿದ್ದವರು, ಸಾಕ್ಷರತಾ ಆಂದೋಲನದಲ್ಲಿ ಓಡಾಡಿದವರು. ಫರೀದಾ ಸಮಾಜಕಾರ್ಯದ ಪ್ರಾಧ್ಯಾಪಕಿ. ಅವರ ಮೊದಲ ಕೆಲಸ ಬಾಲ್ವಾಡಿಗಳು, ಅಂದರೆ ಪುಟ್ಟ ಮಕ್ಕಳ ಶಿಶುವಿಹಾರಗಳು. ಕಟ್ಟಡ ಕಟ್ಟಲಿಲ್ಲ, ಬಾಡಿಗೆಗೂ ಹಿಡಿಯಲಿಲ್ಲ. ಯಾರದ್ದೋ ಮನೆಯ ಪಡಸಾಲೆ, ದೇವಸ್ಥಾನದ ಮೂಲೆ, ಸಂಘದ ಆಫೀಸು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಟೀಚರ್ ಅದೇ ಗಲ್ಲಿಯ ಹೆಣ್ಣುಮಗಳು. ದುಡ್ಡು ಕಮ್ಮಿ ಇದ್ದಿದ್ದಕ್ಕೆ ಹೀಗೆ ಮಾಡಿದರು ಅಂದುಕೊಳ್ಳಬಹುದು. ಆದರೆ ಊರಿನವರೇ ಕಲಿಸಬಲ್ಲರು ಎಂಬ ನಂಬಿಕೆ ಅಲ್ಲಿಂದಲೇ ಸಂಸ್ಥೆಯ ಮೈಗೆ ಹತ್ತಿತು. ಮುಂದಿನ ಕಥೆಯಲ್ಲಿ ಅದೇ ನಂಬಿಕೆ ಬಲವೂ ಆಗುತ್ತದೆ, ತೊಡಕೂ ಆಗುತ್ತದೆ.

ಬಾಲ್ವಾಡಿ ಆದ ಮೇಲೆ ಬಾಲಸಖಿ. ಮುಂಬೈ ಮತ್ತು ವಡೋದರಾದ ಕಾರ್ಪೊರೇಷನ್ ಶಾಲೆಗಳಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಕಲಿಸುವ ಕೆಲಸ. ಕಲಿಸುವವಳು ಹೈಸ್ಕೂಲು ಮುಗಿಸಿದ ಯುವತಿ. ತಿಂಗಳಿಗೆ 500ರಿಂದ 750 ರೂಪಾಯಿ. ಈ ಕಾರ್ಯಕ್ರಮವನ್ನು ಅಳೆಯಿರಿ ಎಂದು ಪ್ರಥಮ್ ಬಾಗಿಲು ತೆರೆದಿಟ್ಟಿತು. ಅಳೆಯಲು ಬಂದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು. ಇವರಿಬ್ಬರು 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಯಾವ ಶಾಲೆಗೆ ಬಾಲಸಖಿ, ಯಾವ ಕ್ಲಾಸಿಗೆ ಇಲ್ಲ ಎಂದು ಲಾಟರಿ ಎತ್ತಿ, ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸುವುದು ಅವರ ಕ್ರಮ. ಮೊದಲ ವರ್ಷ 0.14, ಎರಡನೇ ವರ್ಷ 0.28 ಸ್ಟ್ಯಾಂಡರ್ಡ್ ಡೀವಿಯೇಶನ್ (ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) ಏರಿಕೆ ಕಂಡಿತು. ಹೆಚ್ಚಿನ ಲಾಭ ಆಗಿದ್ದು ತೀರಾ ಹಿಂದಿದ್ದ ಮಕ್ಕಳಿಗೆ. ಒಂದು ಕುತೂಹಲದ ವಿಷಯ ಇಲ್ಲೇ ಸಿಗುತ್ತದೆ. ಬಾಲಸಖಿಯ ಬಳಿ ಕೆಲವರು ಹೋದ ಮೇಲೆ ಕ್ಲಾಸಿನಲ್ಲಿ ಉಳಿದ ಮಕ್ಕಳ ಸಂಖ್ಯೆ ಕಮ್ಮಿಯಾಗಿತ್ತಲ್ಲ, ಆ ಮಕ್ಕಳ ಕಲಿಕೆ ಏನೂ ಸುಧಾರಿಸಲಿಲ್ಲ. ಕ್ಲಾಸು ಖಾಲಿ ಮಾಡಿದ ಮಾತ್ರಕ್ಕೆ ಪಾಠ ಬದಲಾಗುವುದಿಲ್ಲ.

ಒಂದು ಹಾಳೆ

2004ರಲ್ಲಿ ಕೇಂದ್ರ ಸರ್ಕಾರ ತೆರಿಗೆಯ ಮೇಲೆ ಶೇ 2ರ ಶಿಕ್ಷಣ ಸೆಸ್ ಹಾಕಿತು. ದುಡ್ಡು ಹರಿಯತೊಡಗಿತು. ಆ ದುಡ್ಡಿನಿಂದ ಮಕ್ಕಳು ಏನು ಕಲಿತರು ಎಂದು ಕೇಳಲು ಯಾರ ಬಳಿಯೂ ಸುಲಭದ ಅಳತೆಗೋಲು ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ದಾಖಲಾತಿ ಇತ್ತು, ಕೊಠಡಿ ಇತ್ತು, ಶೌಚಾಲಯ ಇತ್ತು. 2005ರಲ್ಲಿ ಪ್ರಥಮ್ ‘ಅಸರ್’ ಸಮೀಕ್ಷೆ ಶುರು ಮಾಡಿತು. ಹೆಸರು ‘ಆ್ಯನ್ಯುಯಲ್ ಸ್ಟೇಟಸ್ ಆಫ್ ಎಜುಕೇಶನ್ ರಿಪೋರ್ಟ್’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಮಾಡಿದ್ದು. ಹಿಂದಿಯಲ್ಲಿ ‘ಅಸರ್’ ಅಂದರೆ ಪರಿಣಾಮ ಅಂತಲೂ ಅರ್ಥ. ಇದರ ಹೊಣೆ ರುಕ್ಮಿಣಿ ಅವರ ಮೇಲೆ ಬಿತ್ತು.

ಸಮೀಕ್ಷೆಯ ಹತ್ಯಾರು ಎಷ್ಟು ಸರಳ ಅಂದರೆ ನೋಡಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಒಂದು ಹಾಳೆ. ಅದರಲ್ಲಿ ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲಿನ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ. ಮೊದಲು ಪ್ಯಾರಾ ಓದಿಸುತ್ತಾರೆ. ಬಂದರೆ ಕಥೆಗೆ ಏರಿಸುತ್ತಾರೆ, ಬಾರದಿದ್ದರೆ ಪದಕ್ಕೆ ಇಳಿಸುತ್ತಾರೆ, ಅದೂ ಬಾರದಿದ್ದರೆ ಅಕ್ಷರಕ್ಕೆ. ಐದು ಪದಗಳಲ್ಲಿ ನಾಲ್ಕು ಓದಿದರೆ ಪಾಸು. ಲೆಕ್ಕದಲ್ಲೂ ಹೀಗೇ: ಅಂಕಿ ಗುರುತಿಸುವುದು, ದಶಕದಿಂದ ಸಾಲ ತಗೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಕೆಲವೇ ನಿಮಿಷ.

ಪರೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಮನೆಯಂಗಳದಲ್ಲಿ. ಶಾಲೆಗೆ ಹೋದರೆ ಅವತ್ತು ಬಾರದ ಮಗು ತಪ್ಪಿಹೋಗುತ್ತದೆ, ಖಾಸಗಿ ಶಾಲೆಯ ಮಗು ತಪ್ಪಿಹೋಗುತ್ತದೆ, ಶಾಲೆ ಬಿಟ್ಟ ಮಗು ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ಜಿಲ್ಲೆಗೆ ಸುಮಾರು 30 ಹಳ್ಳಿ, ಹಳ್ಳಿಗೆ 20 ಮನೆ. ಅಂಗಳದಲ್ಲಿ ಪರೀಕ್ಷೆ ಮಾಡುವುದರಿಂದ ಇನ್ನೊಂದು ಉಪಯೋಗವೂ ಇದೆ. ಅವ್ವ ನೋಡುತ್ತಾಳೆ, ಅಜ್ಜ ನೋಡುತ್ತಾನೆ, ಪಕ್ಕದ ಮನೆಯವರು ಬಂದು ನಿಲ್ಲುತ್ತಾರೆ. ಐದನೇ ಕ್ಲಾಸಿನ ಹುಡುಗ ‘ಮರ’ ಅನ್ನುವ ಪದಕ್ಕೆ ತಡವರಿಸುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ಹುಡುಗನಿಗೆ ಇದು ಎಷ್ಟು ಮುಜುಗರ ಎಂಬ ಪ್ರಶ್ನೆಯೂ ಇದೆ. ಅದನ್ನು ಸಮೀಕ್ಷೆಯ ಅಭಿಮಾನಿಗಳು ಕಮ್ಮಿ ಮಾತಾಡುತ್ತಾರೆ.

ಮೊದಲ ವರ್ಷದ ಫಲಿತಾಂಶವೇ ದಂಗುಬಡಿಸಿತು. 7ರಿಂದ 14 ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ಕ್ಲಾಸಿನ ಕಥೆ ಓದಲು ಬರುತ್ತಿರಲಿಲ್ಲ. ಹೆಚ್ಚುಕಮ್ಮಿ ಎಲ್ಲರೂ ಶಾಲೆಗೆ ದಾಖಲಾಗಿದ್ದವರೇ. ‘ಮಕ್ಕಳನ್ನು ಶಾಲೆಗೆ ತನ್ನಿ’ ಎಂದು ವರ್ಷಗಟ್ಟಲೆ ಜಾಥಾ ಮಾಡಿದ ದೇಶಕ್ಕೆ ಇದು ನುಂಗಲಾರದ ತುತ್ತು.

ಜೌನ್‌ಪುರದಲ್ಲಿ ಏನಾಯಿತು

ಆ ಕಾಲದಲ್ಲಿ ಅಭಿವೃದ್ಧಿಯ ವಲಯದಲ್ಲಿ ಒಂದು ನಂಬಿಕೆ ಬಲವಾಗಿತ್ತು. ಜನರಿಗೆ ಮಾಹಿತಿ ಕೊಡಿ, ಅವರೇ ಎದ್ದು ಮೇಷ್ಟ್ರನ್ನು, ಪಂಚಾಯಿತಿಯನ್ನು ಕೇಳುತ್ತಾರೆ, ಶಾಲೆ ಸರಿಹೋಗುತ್ತದೆ ಅಂತ. ಉತ್ತರ ಪ್ರದೇಶದ ಪ್ರತಿ ಹಳ್ಳಿಯಲ್ಲೂ ಗ್ರಾಮ ಶಿಕ್ಷಣ ಸಮಿತಿ ಇತ್ತು. ಪ್ರಧಾನ (ಪಂಚಾಯಿತಿಯ ಮುಖ್ಯಸ್ಥ), ಹೆಡ್‌ಮಾಸ್ಟರು, ಮೂವರು ಪೋಷಕರು. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಇದ್ದ ಹಾಗೆ ಅಂದುಕೊಳ್ಳಿ. ಸಮೀಕ್ಷೆ ಮಾಡಿದಾಗ ಹೆಚ್ಚಿನ ಪೋಷಕರಿಗೆ ಇಂಥ ಸಮಿತಿ ಇರುವುದೇ ಗೊತ್ತಿರಲಿಲ್ಲ. ತಮಾಷೆ ಅಂದರೆ ಸಮಿತಿಯ ಕೆಲವು ಸದಸ್ಯರಿಗೂ ತಾವು ಸದಸ್ಯರು ಅಂತ ಗೊತ್ತಿರಲಿಲ್ಲ.

ಪ್ರಯೋಗದಲ್ಲಿ ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಏನೂ ಮಾಡಲಿಲ್ಲ. ಎರಡನೆಯದರಲ್ಲಿ ಸಭೆ ಕರೆದು ಸಮಿತಿಯ ಅಧಿಕಾರ, ದುಡ್ಡು, ಹಕ್ಕುಗಳ ಬಗ್ಗೆ ಹೇಳಿದರು. ಮೂರನೆಯದರಲ್ಲಿ ಅದರ ಜೊತೆಗೆ ಊರಿನವರೇ ತಮ್ಮ ಮಕ್ಕಳನ್ನು ಪರೀಕ್ಷಿಸಿ ಇಡೀ ಊರಿನ ರಿಪೋರ್ಟ್ ಕಾರ್ಡ್ ಮಾಡುವುದನ್ನು ಕಲಿಸಿದರು. ನಾಲ್ಕನೆಯದರಲ್ಲಿ ಇವೆರಡರ ಮೇಲೆ ಸ್ವಯಂಸೇವಕರಿಗೆ ಓದು ಕಲಿಸುವ ತರಬೇತಿಯನ್ನೂ ಕೊಟ್ಟರು.

ಸಭೆಗಳು ಚೆನ್ನಾಗಿ ನಡೆದವು. ಜನ ಬಂದರು, ಮಾತಾಡಿದರು. ಆಮೇಲೆ ಏನೂ ಆಗಲಿಲ್ಲ. ಸಮಿತಿಗಳು ಮೊದಲು ಎಷ್ಟು ಸುಮ್ಮನಿದ್ದವೋ ಅಷ್ಟೇ ಸುಮ್ಮನಿದ್ದವು. ಮೇಷ್ಟ್ರ ಹಾಜರಾತಿ ಬದಲಾಗಲಿಲ್ಲ. ಶಾಲೆಯ ಮಟ್ಟಿಗೆ ಮೂರೂ ಪ್ರಯತ್ನಗಳ ಫಲ ಸೊನ್ನೆ. ರಿಪೋರ್ಟ್ ಕಾರ್ಡ್ ಎಂಬುದು ಪ್ರಥಮ್‌ನವರ ಮುದ್ದಿನ ಕೂಸು ಎಂಬುದನ್ನು ನೆನಪಿಟ್ಟುಕೊಂಡರೆ ಈ ಸೊನ್ನೆಯ ತೂಕ ಗೊತ್ತಾಗುತ್ತದೆ. ಫಲ ಕೊಟ್ಟಿದ್ದು ಕ್ಯಾಂಪು ಮಾತ್ರ. 65 ಹಳ್ಳಿಗಳಲ್ಲಿ 55ರಲ್ಲಿ ಕ್ಯಾಂಪು ನಡೆಯಿತು. ಏಳು ಸಾವಿರಕ್ಕೂ ಹೆಚ್ಚು ಮಕ್ಕಳು ಬಂದರು. ಶಾಲೆಯನ್ನು ಪ್ರಶ್ನಿಸಲು ಏಳದ ಊರಿನಲ್ಲೇ ಪುಕ್ಕಟೆಯಾಗಿ ಪಾಠ ಹೇಳಲು ಹುಡುಗರು ಎದ್ದು ಬಂದಿದ್ದರು. ಊರಿನಲ್ಲಿ ದಿನಾ ಮುಖ ನೋಡುವ ಹೆಡ್‌ಮಾಸ್ಟರ್ ಜೊತೆ ಜಗಳ ಆಡುವುದಕ್ಕಿಂತ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದೇ ವಾಸಿ ಅಲ್ವಾ?

ಈ ಫಲಿತಾಂಶ 2010ರಲ್ಲಿ ಸಂಶೋಧನಾ ಪ್ರಬಂಧವಾಗಿ ಅಚ್ಚಾಯಿತು. ಬರೆದವರ ಸಾಲಿನಲ್ಲಿ ಎರಡನೇ ಹೆಸರು ರುಕ್ಮಿಣಿ ಬ್ಯಾನರ್ಜಿ. ತಾವೇ ಕಟ್ಟಿದ ಕಾರ್ಯಕ್ರಮ ಎಲ್ಲಿ ಸೋತಿತು ಎಂಬುದಕ್ಕೆ ತಾವೇ ಸಹಿ ಹಾಕಿದ್ದು. ನಮ್ಮ ಎನ್‌ಜಿಒಗಳ ವಾರ್ಷಿಕ ವರದಿಗಳನ್ನು ಓದಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತಿರುತ್ತದೆ. ಅಲ್ಲಿ ಎಲ್ಲ ಕಾರ್ಯಕ್ರಮವೂ ಯಶಸ್ವಿ, ಎಲ್ಲ ಫೋಟೊದಲ್ಲೂ ಮಕ್ಕಳು ನಗುತ್ತಿರುತ್ತಾರೆ. ದಾನಿಗಳ ಮುಂದೆ ‘ನೂರಕ್ಕೆ 8’ ಎಂದು ಹೇಳಲು ಧೈರ್ಯ ಬೇಕು. ಅಷ್ಟೇ ಅಲ್ಲ, ಆ 8ರ ಜೊತೆಗೇ ಕಲಿತ ಮಕ್ಕಳ ಲೆಕ್ಕವೂ ಇದ್ದಿದ್ದರಿಂದ ಮುಂದೆ ಎಲ್ಲಿ ಹುಡುಕಬೇಕು ಎಂಬುದು ತಿಳಿಯಿತು. ವಿಧಾನ ಸರಿಯಿದೆ, ಜಾಗ ಸರಿಯಿಲ್ಲ.

ಅದೇ ಮೇಷ್ಟ್ರು, ಅದೇ ಶಾಲೆ

ಈಗ ಮುಂದಿದ್ದ ದಾರಿಗಳು ಎರಡು. ಸರ್ಕಾರಿ ಶಾಲೆಯ ಗೊಡವೆ ಬಿಟ್ಟು ಸ್ವಯಂಸೇವಕರ ಪಡೆಯನ್ನೇ ದೊಡ್ಡದು ಮಾಡುವುದು ಒಂದು. 2007ರಲ್ಲಿ ಶುರುವಾದ ‘ರೀಡ್ ಇಂಡಿಯಾ’ ಆಂದೋಲನ ನೂರಾರು ಜಿಲ್ಲೆಗಳಿಗೆ ಹರಡಿದ್ದರಲ್ಲಿ ಈ ಆಸೆ ಇತ್ತು. ಇನ್ನೊಂದು ದಾರಿ, ಮಕ್ಕಳು ಇರುವ ಕಡೆಗೇ, ಅಂದರೆ ಶಾಲೆಯ ಒಳಕ್ಕೇ ಹೋಗುವುದು. ಸರ್ಕಾರಿ ಮೇಷ್ಟ್ರಿಗೇ ತರಬೇತಿ ಕೊಟ್ಟು, ಅವರ ಕೈಯಿಂದಲೇ ಮಾಡಿಸುವುದು.

ಬಿಹಾರದಲ್ಲಿ ಎರಡನೆಯದನ್ನು ಪರೀಕ್ಷಿಸಿದರು. 2008ರ ಜೂನ್ ತಿಂಗಳ ಬೇಸಿಗೆ ರಜೆಯಲ್ಲಿ ಸರ್ಕಾರಿ ಶಿಕ್ಷಕರೇ 3ರಿಂದ 5ನೇ ಕ್ಲಾಸಿನ ಹಿಂದುಳಿದ ಮಕ್ಕಳಿಗೆ ಕ್ಯಾಂಪು ನಡೆಸಿದರು. ಅದಕ್ಕೆ ಸರ್ಕಾರ ಪ್ರತ್ಯೇಕ ಗೌರವಧನ ಕೊಟ್ಟಿತು. ಒಂದೇ ತಿಂಗಳಲ್ಲಿ ಮಕ್ಕಳ ಓದು ಅಳತೆಗೆ ಸಿಗುವಷ್ಟು ಸುಧಾರಿಸಿತು. ಸರ್ಕಾರಿ ಮೇಷ್ಟ್ರಿಗೆ ಕಲಿಸಲು ಬರುವುದಿಲ್ಲ, ಮನಸ್ಸಿಲ್ಲ ಎಂದು ಬೈಯುವವರಿಗೆ ಇದು ಉತ್ತರ.

ಜುಲೈ ಆಯಿತು, ಶಾಲೆ ಶುರುವಾಯಿತು. ಅದೇ ಮೇಷ್ಟ್ರು, ಅದೇ ಮಕ್ಕಳು, ಅದೇ ಕೋಣೆ. ಕೆಲವು ಶಾಲೆಗಳಿಗೆ ಪ್ರಥಮ್‌ನ ಕಲಿಕಾ ಸಾಮಗ್ರಿ ಕೊಟ್ಟರು, ಕೆಲವಕ್ಕೆ ಸಾಮಗ್ರಿ ಜೊತೆ ತರಬೇತಿಯನ್ನೂ ಕೊಟ್ಟರು. ಎರಡರಿಂದಲೂ ಏನೂ ಆಗಲಿಲ್ಲ. ಸ್ವಯಂಸೇವಕರು ಶಾಲೆಯ ಹೊರಗೆ ಹೆಚ್ಚುವರಿ ಪಾಠ ಹೇಳಿದ ಕಡೆ ಮಾತ್ರ ಕಲಿಕೆ ಏರಿತು. ಉತ್ತರಾಖಂಡದಲ್ಲಿ ಇನ್ನೂ ವಿಚಿತ್ರ. ಅಲ್ಲಿ ಸ್ವಯಂಸೇವಕರನ್ನು ಶಾಲೆಯ ಒಳಗೇ ಕಳಿಸಿದರು. ಶಾಲೆ ಅವರನ್ನು ನುಂಗಿಬಿಟ್ಟಿತು. ಮೇಷ್ಟ್ರ ಕೊರತೆ ಇದ್ದ ಕಡೆ ಅವರೇ ಇನ್ನೊಬ್ಬ ಮೇಷ್ಟ್ರಾಗಿ, ಎಲ್ಲರಂತೆ ಪುಸ್ತಕದ ಪಾಠ ಮಾಡತೊಡಗಿದರು. ಅಲ್ಲಿ ಫಲಿತಾಂಶವೇ ಇಲ್ಲ.

ಜೂನ್‌ನಲ್ಲಿ ಆಗಿದ್ದು ಜುಲೈನಲ್ಲಿ ಯಾಕೆ ಆಗಲಿಲ್ಲ? ಇಡೀ ಪ್ರಕರಣದ ಗಂಟು ಇಲ್ಲೇ ಇದೆ.

ರಜೆಯಲ್ಲಿ ಮೇಷ್ಟ್ರಿಗೆ ಇದ್ದಿದ್ದು ಒಂದೇ ಕೆಲಸ: ಈ ಮಕ್ಕಳಿಗೆ ಓದು ಬರಬೇಕು. ಶಾಲೆ ಶುರುವಾದ ಮೇಲೆ ಕೆಲಸ ಬೇರೆ: ಪೋರ್ಷನ್ ಮುಗಿಯಬೇಕು. ಐದನೇ ಕ್ಲಾಸಿನ ಪುಸ್ತಕ ಐದನೇ ಕ್ಲಾಸಿನ ಓದು ಬರುವ ಮಗುವಿಗಾಗಿ ಬರೆದದ್ದು. ಅಂಥ ಮಕ್ಕಳು ಮುಂದಿನ ಬೆಂಚಿನಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಪಾಠ ಅವರೊಂದಿಗೆ ನಡೆಯುತ್ತದೆ. ಉಳಿದವರು ಬೋರ್ಡಿನಿಂದ ನೋಡಿ ಬರೆದುಕೊಳ್ಳುತ್ತಾರೆ. ದುಂಡಗಿನ ಅಕ್ಷರ, ನೀಟಾದ ನೋಟ್ಸು. ಬರೆದಿದ್ದನ್ನು ಓದು ಅಂದರೆ ಬರುವುದಿಲ್ಲ. ಸರ್ಕಾರಿ ಶಾಲೆಯ ಯಾವ ಮೇಷ್ಟ್ರನ್ನು ಕೇಳಿದರೂ ಇಂಥ ನಾಲ್ಕು ಮಕ್ಕಳ ಹೆಸರು ಹೇಳುತ್ತಾರೆ.

ಕಾನೂನೂ ಇದಕ್ಕೆ ಒತ್ತುಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನಿಗದಿತ ಅವಧಿಯಲ್ಲಿ ಇಡೀ ಪಠ್ಯವನ್ನು ಮುಗಿಸುವುದು ಶಿಕ್ಷಕರ ಕರ್ತವ್ಯ. ಮಗುವಿನ ಮಟ್ಟ ನೋಡಿ ಬೇಕಾದರೆ ಹೆಚ್ಚುವರಿಯಾಗಿ ಕಲಿಸಬೇಕು ಎಂಬ ಮಾತೂ ಅದೇ ಸೆಕ್ಷನ್‌ನಲ್ಲಿದೆ. ಆದರೆ ತಪಾಸಣೆಗೆ ಬಂದ ಅಧಿಕಾರಿ ನೋಡುವುದು ಎಷ್ಟನೇ ಪಾಠ ನಡೀತಿದೆ ಅಂತ. ‘ಸುರೇಶನಿಗೆ ಒತ್ತಕ್ಷರ ಬಂತಾ’ ಎಂದು ಕೇಳುವ ಕಾಲಂ ಯಾವ ಫಾರ್ಮ್‌ನಲ್ಲೂ ಇರಲಿಲ್ಲ. ಮೇಷ್ಟ್ರು ತಮ್ಮನ್ನು ಯಾವುದಕ್ಕೆ ಕೇಳುತ್ತಾರೋ ಅದನ್ನು ಮಾಡುತ್ತಿದ್ದರು. ಬೇರೆ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಒಂದು ಗಂಟೆ

ಇಲ್ಲಿಂದ ಮುಂದಿನ ಹೆಜ್ಜೆ ಜಾಣತನದ್ದು, ಆದರೆ ನೋಡಲು ತೀರಾ ಸಾದಾ. ಮೇಷ್ಟ್ರ ಮನಸ್ಸು ಬದಲಿಸಲು ಹೋಗಬೇಡಿ, ಟೈಮ್‌ಟೇಬಲ್ ಬದಲಿಸಿ. ದಿನದಲ್ಲಿ ಒಂದೆರಡು ಗಂಟೆ ಪುಸ್ತಕ ಮುಚ್ಚಿಡಿ. ಆ ಹೊತ್ತಿನಲ್ಲಿ 3, 4, 5ನೇ ಕ್ಲಾಸು ಅಂತ ಇರುವುದಿಲ್ಲ. ಅಕ್ಷರದವರು ಒಂದು ಕಡೆ, ಪದದವರು ಒಂದು ಕಡೆ, ಪ್ಯಾರಾದವರು ಇನ್ನೊಂದು ಕಡೆ. ಅದೇ ಅಸರ್ ಹಾಳೆಯಿಂದ ಐದು ನಿಮಿಷದಲ್ಲಿ ಯಾರು ಎಲ್ಲಿ ಎಂಬುದು ಗೊತ್ತಾಗುತ್ತದೆ. ಮಗು ಮೇಲೇರಿದ ಕೂಡಲೇ ಗುಂಪು ಬದಲು. ಮುಖ್ಯವಾಗಿ, ಇದು ಇಲಾಖೆಯ ಆದೇಶ. ಈ ಗಂಟೆಯಲ್ಲಿ ಪೋರ್ಷನ್ ಮಾಡದಿದ್ದರೆ ಯಾರೂ ನೋಟಿಸ್ ಕೊಡುವುದಿಲ್ಲ.

ಗುಂಪಿನಲ್ಲಿ ಮಾಡುವುದೂ ದೊಡ್ಡ ಮ್ಯಾಜಿಕ್ ಅಲ್ಲ. ಕಥೆಯನ್ನು ಜೋರಾಗಿ ಓದಿ ಹೇಳುವುದು, ಅದರ ಬಗ್ಗೆ ಹರಟುವುದು, ಬಾರಾಖಡಿ ಹಾಳೆಯ ಮೇಲೆ ಬೆರಳಿಟ್ಟು ಓದುವುದು, ಅದರಿಂದ ಪದ ಕಟ್ಟುವುದು, ನೆಲದ ಮೇಲೆ ಬರೆಯುವುದು. ಬಾರಾಖಡಿ ಅಂದರೆ ನಮ್ಮ ಕಾಗುಣಿತವೇ. ಪ್ರಥಮ್ ಇದನ್ನೆಲ್ಲ ಸೇರಿಸಿ ‘ಕಮಾಲ್’ ಎಂದು ಕರೆಯುತ್ತದೆ. ಹೊರಗಿನ ಜಗತ್ತಿನಲ್ಲಿ ಇದಕ್ಕೆ ‘ಟೀಚಿಂಗ್ ಅಟ್ ದ ರೈಟ್ ಲೆವೆಲ್’ ಎಂಬ ಹೆಸರು ಬಿತ್ತು. ಕನ್ನಡದಲ್ಲಿ ಮಗು ಇರುವ ಮಟ್ಟದಿಂದ ಕಲಿಸುವುದು ಅನ್ನಬಹುದು.

ಎರಡನೇ ಬದಲಾವಣೆ ನನ್ನ ಪ್ರಕಾರ ಮೊದಲಿನದಕ್ಕಿಂತ ದೊಡ್ಡದು. ಬಿಹಾರದ ಜೆಹಾನಾಬಾದ್ ಜಿಲ್ಲೆಯಲ್ಲಿ 2012–13ರಲ್ಲಿ ಕ್ಲಸ್ಟರ್ ಸಂಯೋಜಕರನ್ನು, ಅಂದರೆ ಅಕ್ಕಪಕ್ಕದ ಹಲವು ಶಾಲೆಗಳನ್ನು ನೋಡಿಕೊಳ್ಳುವ ನಮ್ಮ ಸಿಆರ್‌ಪಿಗಳಂಥವರನ್ನು, ಮೊದಲು ತಾವೇ ಒಂದು ಶಾಲೆಗೆ ಹೋಗಿ 15–20 ದಿನ ಮಕ್ಕಳಿಗೆ ಕಲಿಸಿ ಎಂದು ಕಳಿಸಿದರು. ಕಲಿಸಿ, ಮಕ್ಕಳು ಅಕ್ಷರದಿಂದ ಪದಕ್ಕೆ ಏರಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮೇಷ್ಟ್ರಿಗೆ ತರಬೇತಿ ಕೊಡಿ. ಮಾಹಿತಿ ಕಳಿಸಿ, ಫಾರ್ಮ್ ತುಂಬಿ ಎಂದು ಫೋನ್ ಮಾಡುವುದೇ ಸಿಆರ್‌ಪಿ ಕೆಲಸ ಎಂದು ಬೇಸತ್ತ ಶಿಕ್ಷಕರಿಗೆ, ‘ನಾನೇ ಮಾಡಿ ನೋಡಿದೆ ಮೇಡಂ, ಆ ಗುಂಪಿಗೆ ಮೊದಲ ವಾರ ಕಷ್ಟ ಆಗತ್ತೆ’ ಎನ್ನುವ ಸಿಆರ್‌ಪಿ ಸಿಕ್ಕರೆ ಕೇಳುವ ಕಿವಿಯೇ ಬೇರೆ.

ಇದೇ ಅಚ್ಚನ್ನು 2012–13ರಲ್ಲಿ ಹರಿಯಾಣದ ಎರಡು ಜಿಲ್ಲೆಗಳ 400 ಶಾಲೆಗಳಲ್ಲಿ ಅಳೆದರು. ದಿನಕ್ಕೆ ಒಂದು ಹೆಚ್ಚುವರಿ ಗಂಟೆ, ಮಟ್ಟದ ಪ್ರಕಾರ ಗುಂಪು, ಮೊದಲು ತಾವೇ ಕಲಿಸಿ ನೋಡಿದ ಮೇಲ್ವಿಚಾರಕರು. ಹಿಂದಿ ಓದು 0.15 ಸ್ಟ್ಯಾಂಡರ್ಡ್ ಡೀವಿಯೇಶನ್ ಏರಿತು. ಸಂಖ್ಯೆ ನೋಡಿದರೆ ಸಣ್ಣದು. ಆದರೆ ಮಾಮೂಲಿ ಶಾಲಾ ದಿನದಲ್ಲಿ, ಮಾಮೂಲಿ ಸರ್ಕಾರಿ ಮೇಷ್ಟ್ರಿಂದ, ಮೊದಲ ಸಲ ಸೊನ್ನೆಯಲ್ಲದ ಫಲಿತಾಂಶ ಬಂದಿತ್ತು.

ವ್ಯವಸ್ಥೆ ದುರ್ಬಲವಾಗಿದ್ದ ಕಡೆಗೆ ಬೇರೆ ಉಪಾಯ. 2013–14ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಮತ್ತು ಸೀತಾಪುರ ಜಿಲ್ಲೆಗಳಲ್ಲಿ ಪ್ರಥಮ್‌ನ ಕಾರ್ಯಕರ್ತರೇ ಶಾಲೆಯ ಒಳಗೆ, ಶಾಲೆಯ ಹೊತ್ತಿನಲ್ಲೇ, 10 ಅಥವಾ 20 ದಿನಗಳ ಕಂತಿನಲ್ಲಿ ಒಟ್ಟು ಸುಮಾರು 50 ದಿನ ಕ್ಯಾಂಪು ನಡೆಸಿದರು. ಊರಿನ ಸ್ವಯಂಸೇವಕರು ಕೈಜೋಡಿಸಿದರು. ಜೌನ್‌ಪುರದ ಪಾಠ ಇಲ್ಲಿ ಕಾಣುತ್ತದೆ. ಸಂಜೆಯ ಕ್ಯಾಂಪಿಗೆ ಮಗು ಬರಲಿ ಎಂದು ಕಾಯಲಿಲ್ಲ, ಮಗು ಇದ್ದ ಜಾಗಕ್ಕೆ ಕ್ಯಾಂಪನ್ನೇ ತಂದರು. ವರ್ಷದ ಕೊನೆಗೆ ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳು ಕ್ಯಾಂಪು ನಡೆದ ಶಾಲೆಗಳಲ್ಲಿ ಅರ್ಧದಷ್ಟು, ನಡೆಯದ ಕಡೆ ಕಾಲು ಭಾಗದಷ್ಟು. ಏರಿಕೆ 0.7 ಸ್ಟ್ಯಾಂಡರ್ಡ್ ಡೀವಿಯೇಶನ್ ಆಸುಪಾಸು. ಶಿಕ್ಷಣದ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂಕಿ ಸಿಗುವುದು ಅಪರೂಪ.

2015ರಲ್ಲಿ ರುಕ್ಮಿಣಿ ಪ್ರಥಮ್‌ನ ಸಿಇಒ ಆದರು. ಅಷ್ಟರಲ್ಲಿ ಅವರ ಕೈಯಲ್ಲಿ ಒಂದು ವಿಧಾನಕ್ಕಿಂತ ಹೆಚ್ಚಿನದ್ದು ಇತ್ತು. ಅದು ಎಲ್ಲೆಲ್ಲಿ, ಯಾಕೆ ಕೆಲಸ ಮಾಡುವುದಿಲ್ಲ ಎಂಬುದರ ಪಟ್ಟಿ. ಮುಂದೆ ಜಾಂಬಿಯಾದಂಥ ಆಫ್ರಿಕಾದ ದೇಶಗಳ ಸರ್ಕಾರಗಳು ಇದನ್ನು ತಮ್ಮಲ್ಲಿ ಮಾಡಲು ಹೊರಟಾಗ ಹೆಚ್ಚು ಉಪಯೋಗಕ್ಕೆ ಬಂದಿರಬೇಕಾದದ್ದು ಆ ಪಟ್ಟಿಯೇ.

ಒಪ್ಪದವರು ಹೇಳುವುದು

ಈ ಕೆಲಸಕ್ಕೆ ತಕರಾರುಗಳಿವೆ, ಎಲ್ಲವೂ ಹುಳುಕು ಹುಡುಕುವವರ ಮಾತಲ್ಲ. ಐದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಕಥೆ ಓದಿಸಿ ಅದನ್ನೇ ಶಿಕ್ಷಣದ ಅಳತೆ ಮಾಡಿದರೆ, ಬಡವರ ಮಕ್ಕಳಿಗೆ ಇಷ್ಟು ಸಾಕು ಎಂದು ಒಪ್ಪಿದ ಹಾಗಾಗುವುದಿಲ್ಲವೇ ಎಂಬುದು ಒಂದು. ಅರೆಬರೆ ತರಬೇತಿಯ ಸ್ವಯಂಸೇವಕರನ್ನು ಹೊಗಳುತ್ತಾ ಹೋದರೆ ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬದೇ ಇರಲು ಸರ್ಕಾರಕ್ಕೆ ನೆಪ ಸಿಗುತ್ತದೆ ಎಂಬುದು ಇನ್ನೊಂದು. ಎರಡನೇ ತಕರಾರು ನನಗೆ ಗಟ್ಟಿ ಅನ್ನಿಸುತ್ತದೆ. ಮೊದಲನೆಯದರ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಓದಲು ಬಾರದ ಮಗುವಿನ ಮುಂದೆ ಸಮಾಜ ವಿಜ್ಞಾನದ ಪುಸ್ತಕ ಇಟ್ಟು ವಿಮರ್ಶಾತ್ಮಕ ಚಿಂತನೆ ಕಲಿಸುತ್ತೇವೆ ಅನ್ನುವುದು ಹೇಗೆ?

ಇನ್ನೂ ಒಂದು ಮಾತು ಯಾರೂ ಹೆಚ್ಚು ಆಡುವುದಿಲ್ಲ. ಹರಿಯಾಣದ 0.15ಕ್ಕೂ ಉತ್ತರ ಪ್ರದೇಶದ 0.7ಕ್ಕೂ ನಡುವೆ ದೊಡ್ಡ ಕಂದಕ ಇದೆ. ಒಂದು ಸರ್ಕಾರಿ ಮೇಷ್ಟ್ರು ಮಾಡಿದ್ದು, ಇನ್ನೊಂದು ಪ್ರಥಮ್‌ನವರು ಖುದ್ದಾಗಿ ನಿಂತು ಮಾಡಿದ್ದು. ದೇಶದ ಎಲ್ಲ ಶಾಲೆಗೂ ಪ್ರಥಮ್‌ನವರು ಹೋಗಲಾರರು.

ಕರ್ನಾಟಕದಲ್ಲಿ ಇದು ನಮಗೆ ಪೂರ್ತಿ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಮಕ್ಕಳು ಕಲಿಕಾ ಏಣಿ ಹತ್ತುತ್ತಾ, ತಮ್ಮ ಮಟ್ಟದ ಗುಂಪಿನಲ್ಲೇ ಕೂರುತ್ತಾರೆ. ಆದರೆ ಅದು ಮೂರನೇ ಕ್ಲಾಸಿನವರೆಗೆ. ನಾಲ್ಕಕ್ಕೆ ಬಂದ ಕೂಡಲೇ ಏಣಿ ತೆಗೆದುಬಿಡುತ್ತೇವೆ. ಹತ್ತಿದವರು ಹತ್ತಿದರು, ಅರ್ಧದಲ್ಲಿದ್ದವರ ಕೈಗೂ ಅದೇ ದಪ್ಪ ಪುಸ್ತಕ. ಪ್ರಥಮ್ ಜೊತೆ ಸೇರಿ ಇಲಾಖೆ ನಡೆಸಿದ ‘ಓದು ಕರ್ನಾಟಕ’ 4 ಮತ್ತು 5ನೇ ಕ್ಲಾಸಿಗೆ ಬಂದದ್ದು ಈ ಸಂದಿಯಲ್ಲೇ.

ಇಪ್ಪತ್ತು ವರ್ಷದ ಲೆಕ್ಕ

2018ರ ಅಸರ್‌ನಲ್ಲಿ ಗ್ರಾಮೀಣ ಭಾರತದ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಕಥೆ ಓದಬಲ್ಲವರು ಶೇ 50.5. ಕೋವಿಡ್‌ನಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಶೇ 42.8. 2024ರಲ್ಲಿ ಮತ್ತೆ ಅರ್ಧಕ್ಕೆ ಸ್ವಲ್ಪ ಕಮ್ಮಿ. ಹೀಗೆ ನೋಡಿದರೆ ಒಬ್ಬ ಮುಂದಾಳುವಿನ ಇಡೀ ವೃತ್ತಿಜೀವನ ಕಳೆದರೂ ಮುಳ್ಳು ಅರ್ಧದ ಆಸುಪಾಸಿನಲ್ಲೇ ಇದೆ. ರುಕ್ಮಿಣಿ ಅವರ ಸಂಸ್ಥೆಯೇ ಈ ಅಂಕಿಗಳನ್ನು ಅಚ್ಚು ಹಾಕುತ್ತದೆ.

ಚಲನೆ ಕಾಣುವುದು ಮೂರನೇ ಕ್ಲಾಸಿನಲ್ಲಿ. 2020ರ ಹೊಸ ಶಿಕ್ಷಣ ನೀತಿ ಬುನಾದಿ ಓದು ಮತ್ತು ಲೆಕ್ಕಕ್ಕೆ ಮೊದಲ ಆದ್ಯತೆ ಕೊಟ್ಟಿತು. 2021ರ ಜುಲೈನಲ್ಲಿ, ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಮಕ್ಕಳಿಗೆ ಓದು, ಲೆಕ್ಕ ಬರಬೇಕು ಎಂಬ ಗುರಿಯ ಕೇಂದ್ರದ ಯೋಜನೆ ನಿಪುಣ್ ಭಾರತ್ ಶುರುವಾಯಿತು. ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಕಥೆ ಓದಬಲ್ಲವರು 2022ರಲ್ಲಿ ಶೇ 16.3 ಇದ್ದಿದ್ದು 2024ರಲ್ಲಿ ಶೇ 23.4 ಆಯಿತು. ಕೋವಿಡ್‌ಗೆ ಮುಂಚೆ, 2018ರಲ್ಲಿ, ಅದು ಶೇ 20.9 ಇತ್ತು. ‘ಸುರೇಶನಿಗೆ ಓದು ಬಂತಾ’ ಎಂದು ಕೇಳುವ ಕಾಲಂ ಕಡೆಗೂ ಇಲಾಖೆಯ ಫಾರ್ಮ್‌ಗೆ ಬಂದಿದೆ.

2022ರಲ್ಲಿ ಮೂರನೇ ಕ್ಲಾಸಿನಲ್ಲಿದ್ದ ಆ ಮಕ್ಕಳು 2024ಕ್ಕೆ ಐದನೇ ಕ್ಲಾಸಿಗೆ ಬಂದರು. ಸರ್ಕಾರಿ ಶಾಲೆಯ ಐದನೇ ಕ್ಲಾಸಿನಲ್ಲಿ ಆ ವರ್ಷ ಕಥೆ ಓದಿದವರು ಶೇ 44.8. ಓದಲಾರದೆ ಉಳಿದ ಶೇ 55 ಮಕ್ಕಳು ಆರನೇ ಕ್ಲಾಸಿಗೆ ಹೋದರು. ನಿಪುಣ್‌ನ ಗುರಿ ಮೂರನೇ ಕ್ಲಾಸಿಗೆ ನಿಲ್ಲುತ್ತದೆ.